ಎಸ್ಪ್ಲನೇಡ್ ಹೌಸ್: ಒಂದು ವರ್ತಕ ಮನೆಯ ಬೆಲೆ

1898ರ ನವೆಂಬರ್ 23ನೆಯ ತಾರೀಖಿನ ಒಂದು ಪತ್ರವಿದೆ. ಬರೆದವರು ಜಮ್‌ಶೆಟ್‌ಜಿ ಟಾಟಾ. ಬರೆದದ್ದು ಸ್ವಾಮಿ ವಿವೇಕಾನಂದರಿಗೆ. ಐದು ವರ್ಷಗಳ ಹಿಂದೆ, 1893ರಲ್ಲಿ, ಜಪಾನಿನಿಂದ ಹೊರಟ ಹಡಗೊಂದರಲ್ಲಿ ಇಬ್ಬರೂ ಸಹಪ್ರಯಾಣಿಕರಾಗಿದ್ದರು. ಅಂದಿನ ಮಾತುಕತೆಯನ್ನು ನೆನೆದು, ಭಾರತದಲ್ಲಿ ತಾವು ಕಟ್ಟಬೇಕೆಂದಿರುವ ವಿಜ್ಞಾನ ಸಂಶೋಧನಾ ಸಂಸ್ಥೆಯ ಕೆಲಸಕ್ಕೆ ಸ್ವಾಮೀಜಿ ತಮ್ಮ ಮಾತಿನ ಬಲವನ್ನು ಕೊಡಬಹುದೇ ಎಂದು ಟಾಟಾ ಆ ಪತ್ರದಲ್ಲಿ ಕೇಳುತ್ತಾರೆ. ಸಂಸ್ಥೆ ಮುಂದೆ ಬೆಂಗಳೂರಿನಲ್ಲಿ ನೆಲೆನಿಂತಿತು. ಅದರ ಅಧಿಕೃತ ಹೆಸರು ಭಾರತೀಯ ವಿಜ್ಞಾನ ಸಂಸ್ಥೆ. ಆದರೆ ಬೆಂಗಳೂರಿನ ಹಳಬರ ಬಾಯಲ್ಲಿ ಅದು ಇಂದಿಗೂ 'ಟಾಟಾ ಇನ್‌ಸ್ಟಿಟ್ಯೂಟ್'. ಪತ್ರವನ್ನು ಅನೇಕರು ಅನೇಕ ಸಂದರ್ಭಗಳಲ್ಲಿ ಎತ್ತಿ ಆಡಿದ್ದಾರೆ. ಅದರ ತಲೆಯಲ್ಲಿರುವ ಪುಟ್ಟ ವಿಳಾಸದತ್ತ ಕಣ್ಣು ಹಾಯಿಸಿದವರು ಕಡಿಮೆ. ಅಲ್ಲಿರುವುದು ಇಷ್ಟೇ: ಎಸ್ಪ್ಲನೇಡ್ ಹೌಸ್, ಬಾಂಬೆ.

ಆ ಮನೆ ಇಂದಿಗೂ ಇದೆ. ಸಯನ್ ನಿಲ್ದಾಣದಲ್ಲಿ ಲೋಕಲ್ ಹತ್ತಿ ಸಿಎಸ್‌ಎಂಟಿಯಲ್ಲಿ ಇಳಿದು, ಆಜಾದ್ ಮೈದಾನದ ಬದಿಗೆ ಸರಿದು ಹಜಾರಿಮಲ್ ಸೋಮಾನಿ ಮಾರ್ಗ ಹಿಡಿದರೆ ಸಿಗುತ್ತದೆ. ಹಳಬರು ಅದನ್ನು ವಾಡ್ಬಿ ರಸ್ತೆ ಎನ್ನುತ್ತಿದ್ದರು. ಹಗಲು ಫೋರ್ಟಿನ ಹೋಟೆಲುಗಳಲ್ಲಿ, ಕಚೇರಿಗಳಲ್ಲಿ ದುಡಿದು ಸಂಜೆ ರಾತ್ರಿಶಾಲೆಯ ಬೆಂಚಿನ ಮೇಲೆ ಕುಳಿತು ಓದಿದ ನಮ್ಮ ಹಿಂದಿನ ತಲೆಮಾರಿನ ಕನ್ನಡಿಗರು ಈ ಬೀದಿಗಳಲ್ಲಿ ಎಷ್ಟು ಬಾರಿ ಓಡಾಡಿರಬೇಕು! ಗೋಡೆಯ ಆಚೆ ಬೆಂಗಳೂರಿನ ಚರಿತ್ರೆಯ ಒಂದು ತುಣುಕು ಇದೆಯೆಂದು ಅವರಿಗೆ ಹೇಳಿದವರು ಯಾರೂ ಇರಲಿಲ್ಲ.

ಇಲ್ಲಿ ಒಂದು ಗೊಂದಲವನ್ನು ಮೊದಲೇ ಬಿಡಿಸಿಬಿಡೋಣ. ಎಸ್ಪ್ಲನೇಡ್ ಹೌಸ್ ಬೇರೆ, ಎಸ್ಪ್ಲನೇಡ್ ಮ್ಯಾನ್ಶನ್ ಬೇರೆ. ಎರಡನೆಯದು ಕಾಲಾಘೋಡಾದ ಬಳಿ ಇರುವ ಹಳೆಯ ವಾಟ್ಸನ್ ಹೋಟೆಲು. 1896ರ ಜುಲೈ 7ರಂದು ಲೂಮಿಯೇರ್ ಸಹೋದರರ ಚಲನಚಿತ್ರಗಳು ಭಾರತದಲ್ಲಿ ಮೊತ್ತಮೊದಲು ಪ್ರದರ್ಶನಗೊಂಡ ಸ್ಥಳ. ಆ ಹೋಟೆಲಿನಲ್ಲಿ ಟಾಟಾರಿಗೆ ಪ್ರವೇಶ ನಿರಾಕರಿಸಿದರಂತೆ, ಆ ಛಲಕ್ಕೇ ಅವರು ತಾಜ್ ಕಟ್ಟಿದರಂತೆ ಎಂಬ ಕತೆ ಪ್ರತಿಯೊಬ್ಬ ಮುಂಬಯಿಕರನಿಗೂ ಗೊತ್ತು. ಇತಿಹಾಸಕಾರರು ಅದನ್ನು ಅಷ್ಟಾಗಿ ನಂಬುವುದಿಲ್ಲ, ನಾವೂ ನಂಬುವುದಿಲ್ಲ. ಎರಡು ಕಟ್ಟಡಗಳ ಹೆಸರು ಒಂದೇ ಆಗಲು ಕಾರಣ ನೆಲ. 1860ರ ದಶಕದಲ್ಲಿ ಗವರ್ನರ್ ಬಾರ್ಟಲ್ ಫ್ರಿಯರ್ ಕಾಲದಲ್ಲಿ ಕೋಟೆಯ ಗೋಡೆಗಳನ್ನು ಕೆಡವಿದಾಗ, ಗೋಡೆಯ ಹೊರಗೆ ತೋಪುಗಳ ಗುರಿಗಾಗಿ ಖಾಲಿ ಬಿಟ್ಟಿದ್ದ ಬಯಲು ನಗರಕ್ಕೆ ದಕ್ಕಿತು. ಆ ಬಯಲೇ ಎಸ್ಪ್ಲನೇಡ್. ಅದರ ಅಂಚಿನಲ್ಲಿ ಹೈಕೋರ್ಟು, ವಿಶ್ವವಿದ್ಯಾಲಯ, ರೈಲು ನಿಲ್ದಾಣಗಳು ಸಾಲುಸಾಲಾಗಿ ಎದ್ದವು. ಹಣವಂತರ ಕೆಲವು ಮನೆಗಳೂ ಎದ್ದವು.

1880ರ ದಶಕದಲ್ಲಿ ಟಾಟಾ ಇಲ್ಲಿ ಮನೆ ಕಟ್ಟಿಸಿದಾಗ ಕೂಗಳತೆಯ ದೂರದಲ್ಲಿ ಫ್ರೆಡರಿಕ್ ಸ್ಟೀವನ್ಸ್‌ನ ವಿಕ್ಟೋರಿಯಾ ಟರ್ಮಿನಸ್ ಏಳುತ್ತಿತ್ತು. 1878ರಲ್ಲಿ ಆರಂಭವಾಗಿ ಹತ್ತು ವರ್ಷ ನಡೆದ ಕೆಲಸ ಅದು. ಆ ನಿಲ್ದಾಣದ ಗೋಥಿಕ್ ಅಬ್ಬರ, ಚೂಪು ಗೋಪುರ, ಕಲ್ಲಿನ ಪ್ರಾಣಿಪಕ್ಷಿಗಳು ಯಾವುವೂ ಟಾಟಾರ ಮನೆಯಲ್ಲಿಲ್ಲ. ಗ್ರೀಕ್-ರೋಮನ್ ಮಾದರಿಯನ್ನು ನೆನಪಿಸುವ ಸಮತೂಕದ ಮುಖ ಅದರದು. ವಿಕ್ಟೋರಿಯನ್ ಎಂಬುದು ಒಂದು ಕಾಲದ ಹೆಸರೇ ಹೊರತು ಒಂದೇ ಶೈಲಿಯ ಹೆಸರಲ್ಲ ಎಂಬುದನ್ನು ತಿಳಿಯಲು ಈ ಎರಡು ಕಟ್ಟಡಗಳನ್ನು ಒಂದೇ ಮಧ್ಯಾಹ್ನ ನೋಡಿದರೆ ಸಾಕು. ಮನೆಯ ಒಳಗೆ ಓದುವ ಯಜಮಾನನಿದ್ದ. ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಕಲಿತ ಟಾಟಾ ಡಿಕನ್ಸ್, ಥ್ಯಾಕರೆ ಕಾದಂಬರಿಗಳ ಪ್ರಿಯರು. ಮಕ್ಕಳಾದ ದೊರಾಬ್‌ಜಿ, ರತನ್‌ಜಿ ಇಬ್ಬರೂ ಕಲಾವಸ್ತುಗಳ ಸಂಗ್ರಾಹಕರು. ಇಂದು ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯದಲ್ಲಿ ನಾವು ನೋಡುವ ಯುರೋಪಿಯನ್ ಚಿತ್ರಗಳು, ಚೀನೀ-ಜಪಾನೀ ಪಿಂಗಾಣಿ ಮೊದಲಾದವುಗಳಲ್ಲಿ ದೊಡ್ಡ ಪಾಲು ಈ ಸಹೋದರರ ಸಂಗ್ರಹದಿಂದ ಬಂದದ್ದು.

ಇಷ್ಟು ಹೇಳಿ ನಿಲ್ಲಿಸಿದರೆ ಅದು ಪ್ರವಾಸಿ ಕೈಪಿಡಿಯ ಮಾತಾದೀತು. ಮನೆಯ ಬೆಲೆಯನ್ನು ತೂಗಬೇಕಾದರೆ ಅದನ್ನು ಕಟ್ಟಿದ ಹಣ ಎಲ್ಲಿಂದ ಬಂತು, ಅಲ್ಲಿಂದ ಎಲ್ಲಿಗೆ ಹೋಯಿತು ಎಂಬೆರಡನ್ನೂ ಕೇಳಬೇಕು.

ಟಾಟಾ 1839ರಲ್ಲಿ ನವಸಾರಿಯಲ್ಲಿ ಹುಟ್ಟಿದವರು. ತಂದೆ ನಸರ್‌ವಾನ್‌ಜಿ ಮುಂಬಯಿಯಲ್ಲಿ ವ್ಯಾಪಾರ ಬೆಳೆಸಿದರು. ಆ ಕಾಲದ ಮುಂಬಯಿ ವರ್ತಕರಂತೆ ಅವರದ್ದೂ ಚೀನಾ ಕಡೆಯ ವಹಿವಾಟು. ಅದರಲ್ಲಿ ಹತ್ತಿಯಿತ್ತು, ಅಫೀಮೂ ಇತ್ತು. 1859ರಲ್ಲಿ ಮಗ ಹಾಂಕಾಂಗಿಗೆ ಹೋದದ್ದು ಈ ವ್ಯಾಪಾರದ ಸಲುವಾಗಿಯೇ. ಮುಂಬಯಿಯ ವಿಕ್ಟೋರಿಯನ್ ವೈಭವವನ್ನು ಹೊಗಳುವಾಗ ಅಫೀಮಿನ ಮಾತನ್ನು ಮೆಲ್ಲನೆ ಬದಿಗೆ ಸರಿಸುವ ಅಭ್ಯಾಸ ನಮ್ಮಲ್ಲಿದೆ. ಜಮ್‌ಸೆಟ್‌ಜಿ ಜೀಜಿಭಾಯಿ, ಡೇವಿಡ್ ಸಾಸೂನ್ ಮೊದಲಾದವರ ದಾನಧರ್ಮದ ಫಲಕಗಳನ್ನು ಓದುತ್ತೇವೆ. ಫಲಕದ ಹಿಂದಿನ ಸರಕನ್ನು ಓದುವುದಿಲ್ಲ. ಪರಂಪರೆ ಎಂದರೆ ಹೆಮ್ಮೆಪಡಬಹುದಾದ ಭಾಗ ಮಾತ್ರವೇ ಎಂಬ ತಿಳಿವಳಿಕೆ ನಮಗೆ ಒಪ್ಪಿಗೆಯಿಲ್ಲ.

ಆಮೇಲೆ ಬಂತು ಹತ್ತಿಯ ಹುಚ್ಚು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಗಿ ಅಲ್ಲಿಯ ದಕ್ಷಿಣದ ಬಂದರುಗಳು ಮುಚ್ಚಿಹೋದಾಗ, ಲ್ಯಾಂಕಶೈರಿನ ಗಿರಣಿಗಳು ಭಾರತದ ಹತ್ತಿಗೆ ಬಾಯಿಬಿಟ್ಟವು. ಈ ಕತೆಯಲ್ಲಿ ನಮ್ಮ ಊರುಗಳಿಗೂ ಪಾತ್ರವುಂಟು. ಧಾರವಾಡ ಸೀಮೆಯ ಎರೆಹೊಲಗಳಲ್ಲಿ ಅಮೆರಿಕನ್ ತಳಿಯನ್ನು ಬೆಳೆಸುವ ಸರ್ಕಾರಿ ಪ್ರಯತ್ನ 1840ರ ದಶಕದಿಂದಲೇ ನಡೆದಿತ್ತು. ಅಲ್ಲಿಯ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಬಂದು, ಅಲ್ಲಿಂದ ಹಡಗು ಹತ್ತಿ ಮುಂಬಯಿ ಸೇರುತ್ತಿತ್ತು. ಇಂಗ್ಲೆಂಡಿನ ಪೇಟೆಯಲ್ಲಿ 'ಧಾರವಾಡ', 'ಕುಮಟಾ' ಎಂಬುವು ಊರಿನ ಹೆಸರುಗಳಲ್ಲ, ಹತ್ತಿಯ ಜಾತಿಗಳ ಹೆಸರುಗಳಾಗಿದ್ದವು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ಕಿತ್ತು ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆಯೂ ಈ ಹತ್ತಿಗೆ ಒಳ್ಳೆಯ ಬಂದರು ಬೇಕೆಂಬ ಒತ್ತಾಯವಿತ್ತು. ಕಾರವಾರದವರು, ಕುಮಟೆಯವರು ಮುಂದೆ ಕಲಿಕೆಗೂ ಕೆಲಸಕ್ಕೂ ಮುಂಬಯಿಯತ್ತ ಮುಖ ಮಾಡಿದ್ದಕ್ಕೆ ಆ ಒಂದು ಆಡಳಿತದ ಗೆರೆಯೂ ಕಾರಣ. ನಾವು ಇಲ್ಲಿಗೆ ಬರುವ ಮೊದಲೇ ನಮ್ಮ ಹತ್ತಿ ಇಲ್ಲಿಗೆ ಬಂದಿತ್ತು.

1865ರಲ್ಲಿ ಯುದ್ಧ ಮುಗಿಯಿತು, ಹತ್ತಿಯ ಬೆಲೆ ಕುಸಿಯಿತು, ಜುಲೈ 1ರಂದು ಮುಂಬಯಿಯ ಷೇರುಪೇಟೆಯೇ ಮಗುಚಿಕೊಂಡಿತು. ಪ್ರೇಮಚಂದ್ ರಾಯಚಂದನಂಥ ದೊರೆ ದಿವಾಳಿಯಾದ. ಟಾಟಾ ಮನೆತನವೂ ನೆಲಕಚ್ಚಿತು. ಆಗ ಲಂಡನ್ನಿನಲ್ಲಿದ್ದ ಯುವಕ ಜಮ್‌ಶೆಟ್‌ಜಿಯ ಕೈಯಲ್ಲಿದ್ದ ಹುಂಡಿಗಳು ಬರಿಯ ಕಾಗದವಾದವು. ಮುಂದೆ ಅಬಿಸೀನಿಯಾ ದಂಡಯಾತ್ರೆಯ ಸೈನ್ಯಕ್ಕೆ ಸಾಮಾನು ಸರಬರಾಜು ಮಾಡುವ ಗುತ್ತಿಗೆ ಈ ಮನೆತನವನ್ನು ಮೇಲೆತ್ತಿತು. 1868ರಲ್ಲಿ 21,000 ರೂಪಾಯಿ ಬಂಡವಾಳದಿಂದ ಜಮ್‌ಶೆಟ್‌ಜಿ ಸ್ವಂತ ವ್ಯಾಪಾರ ಆರಂಭಿಸಿದರು. ಮರುವರ್ಷ ಚಿಂಚ್‌ಪೋಕಳಿಯ ಒಂದು ಹಾಳುಬಿದ್ದ ಎಣ್ಣೆ ಗಿರಣಿಯನ್ನು ಕೊಂಡು ಹತ್ತಿ ಗಿರಣಿಯಾಗಿ ಪರಿವರ್ತಿಸಿದರು. ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿಯೆಂದು ಸಾರಿದ 1877ರ ಜನವರಿ 1ರಂದೇ ನಾಗಪುರದಲ್ಲಿ ಅವರ ಎಂಪ್ರೆಸ್ ಗಿರಣಿ ತೆರೆಯಿತು. ಕಾಲದ ಗಾಳಿ ಯಾವ ಕಡೆಗೆ ಬೀಸುತ್ತಿದೆಯೆಂದು ಬಲ್ಲ ವರ್ತಕ ಇಟ್ಟ ಹೆಸರು ಅದು.

ಆದರೆ ಮನೆ ಕಟ್ಟಿಸಿದ ದಶಕದಲ್ಲೇ, 1886ರಲ್ಲಿ, ಕೊಂಡ ಇನ್ನೊಂದು ಗಿರಣಿಗೆ ಅವರು ಇಟ್ಟ ಹೆಸರು ಬೇರೆ ಗಾಳಿಯದು: ಸ್ವದೇಶಿ. ಬಂಗಾಳದ ಸ್ವದೇಶಿ ಚಳವಳಿಗೆ ಇನ್ನೂ ಹತ್ತೊಂಬತ್ತು ವರ್ಷ ಬಾಕಿಯಿತ್ತು. ಕುರ್ಲಾದ ಧರಮ್‌ಸಿ ಗಿರಣಿ ದೊಡ್ಡದು, ಆದರೆ ಕೆಟ್ಟು ಕೂತಿದ್ದು. ಅದನ್ನು ಸರಿಪಡಿಸಲು ಟಾಟಾ ಪಟ್ಟ ಪಾಡು ಅಷ್ಟಿಷ್ಟಲ್ಲ. ತಮ್ಮ ಬೇರೆ ಷೇರುಗಳನ್ನು ಮಾರಿ ಹಣ ಸುರಿಯಬೇಕಾಯಿತು. ಹಜಾರಿಮಲ್ ಸೋಮಾನಿ ಮಾರ್ಗದ ಆ ಸಮತೂಕದ ಮುಖದ ಹಿಂದೆ ಇಂಥ ಲೆಕ್ಕಾಚಾರದ ರಾತ್ರಿಗಳೂ ಇದ್ದವು.

ಕುರ್ಲಾ ಎಂದರೆ ನಮಗೆ ದೂರದ ಮಾತಲ್ಲ. ಸಯನ್ ಬಿಟ್ಟರೆ ಮುಂದಿನ ನಿಲ್ದಾಣ. ನಡುವೆ ಮೀಠಿ ನದಿಯ ಜೌಗು, ಈಚೆ ಧಾರಾವಿ. ಟಾಟಾರ ಮನೆ ಒಂದು ತುದಿಯಲ್ಲಿ, ಆ ಮನೆಯನ್ನು ಸಾಕಿದ ಗಿರಣಿಗಳಲ್ಲೊಂದು ಇನ್ನೊಂದು ತುದಿಯಲ್ಲಿ. ಎರಡರ ನಡುವಿನ ರೈಲುದಾರಿಯ ಪಕ್ಕದಲ್ಲಿ ಧಾರಾವಿ ಬೆಳೆದದ್ದೂ ಹೆಚ್ಚುಕಡಿಮೆ ಅದೇ ಕಾಲಕ್ಕೆ. ಮೊದಲು ಇಲ್ಲಿದ್ದದ್ದು ಕೋಳಿಗರ ಮೀನುಗಾರಿಕೆಯ ಹಳ್ಳಿ ಮತ್ತು 1737ರಲ್ಲಿ ಗವರ್ನರ್ ಜಾನ್ ಹಾರ್ನ್ ಕಾಲದಲ್ಲಿ ಕಟ್ಟಿದ ಒಂದು ಪುಟ್ಟ ಕಾವಲು ಕೋಟೆ. ಕಾಳಾ ಕಿಲ್ಲಾ ಎಂಬ ಆ ಹೆಸರು ಇಂದು ಹೆಚ್ಚಿನವರಿಗೆ ಬಸ್ ಡಿಪೋದ ಹೆಸರಾಗಿಯೇ ಪರಿಚಯ. 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ನಗರ ತನ್ನ ಮುಖವನ್ನು ಗೋಥಿಕ್ ಕಲ್ಲಿನಿಂದ ಅಲಂಕರಿಸಿಕೊಳ್ಳುತ್ತಿದ್ದಾಗ, ವಾಸನೆಯ ಕಸುಬುಗಳನ್ನು ಅಂಚಿಗೆ ತಳ್ಳಿತು. ಬಾಂದ್ರಾದ ಕಸಾಯಿಖಾನೆ ಹತ್ತಿರವಿದ್ದುದರಿಂದ ಚರ್ಮ ಹದ ಮಾಡುವವರು ಇಲ್ಲಿ ನೆಲೆಸಿದರು. ತಿರುನೆಲ್ವೇಲಿಯ ಕಡೆಯ ತಮಿಳರು, ಸೌರಾಷ್ಟ್ರದ ಕುಂಬಾರರು ಬಂದರು. ಉತ್ತರ ಕರ್ನಾಟಕದ ಬರದ ಊರುಗಳಿಂದ ನಮ್ಮವರೂ ಬಂದರು. ಚೊಕ್ಕಟವಾದ ಎಸ್ಪ್ಲನೇಡ್ ಬೇಕೆಂದರೆ ಎಲ್ಲೋ ಒಂದು ಧಾರಾವಿಯೂ ಬೇಕಾಗುತ್ತದೆ ಎಂಬುದು ವಿಕ್ಟೋರಿಯನ್ ನಗರದ ಗಣಿತ.

ಇನ್ನು ಹಣ ಹೋದ ದಾರಿ. ಸಂಶೋಧನಾ ಸಂಸ್ಥೆಗಾಗಿ ಟಾಟಾ ತೆಗೆದಿಟ್ಟದ್ದು ಮುಂಬಯಿಯ 14 ಕಟ್ಟಡಗಳನ್ನು ಮತ್ತು 4 ನಿವೇಶನಗಳನ್ನು. ಅಂದಿನ ಬೆಲೆ 30 ಲಕ್ಷ ರೂಪಾಯಿ, ಅವರ ಸಂಪತ್ತಿನ ಸುಮಾರು ಅರ್ಧ. ಗಮನಿಸಬೇಕಾದದ್ದು ಇದು: ಕೊಟ್ಟದ್ದು ನಗದಲ್ಲ, ಕಟ್ಟಡಗಳನ್ನು. ಮುಂಬಯಿಯ ಬಾಡಿಗೆಯ ಮೇಲೆ ವಿಜ್ಞಾನ ಬದುಕಬೇಕು ಎಂಬುದು ಲೆಕ್ಕ. ಬುರ್ಜೋರ್‌ಜಿ ಪಾದಶಹಾ ಎಂಬ ಸಹಾಯಕರನ್ನು ಹೊರದೇಶದ ವಿಶ್ವವಿದ್ಯಾಲಯಗಳನ್ನು ನೋಡಿಬರಲು ಕಳುಹಿಸಿದರು. 1898ರ ಡಿಸೆಂಬರ್ 31ರಂದು, ಹೊಸ ವೈಸರಾಯ್ ಕರ್ಜನ್ ಮುಂಬಯಿಯಲ್ಲಿ ಹಡಗಿನಿಂದ ಇಳಿದ ಮರುದಿನವೇ, ನಿಯೋಗವೊಂದು ಅವನ ಮುಂದೆ ಯೋಜನೆಯನ್ನಿಟ್ಟಿತು. ಕರ್ಜನ್ನನಿಗೆ ಉತ್ಸಾಹ ಹುಟ್ಟಲಿಲ್ಲ. ಇಷ್ಟು ಕಲಿತವರಿಗೆ ಈ ದೇಶದಲ್ಲಿ ಕೆಲಸವೆಲ್ಲಿ ಎಂಬುದು ಅವನ ಪ್ರಶ್ನೆ. 1900ರಲ್ಲಿ ಬಂದ ರಸಾಯನ ವಿಜ್ಞಾನಿ ವಿಲಿಯಂ ರಾಮ್ಸೆ ದೇಶವನ್ನು ಸುತ್ತಿ, ಸ್ಥಳಕ್ಕೆ ಬೆಂಗಳೂರು ಯೋಗ್ಯವೆಂದ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಿಂದಲೂ ಮೈಸೂರು ಸಂಸ್ಥಾನ ಕೈ ಚಾಚಿತ್ತು. ಕೊನೆಗೆ ಸಂಸ್ಥಾನ ಕೊಟ್ಟದ್ದು 371 ಎಕರೆ ನೆಲ, ಕಟ್ಟಡಕ್ಕೆ 5 ಲಕ್ಷ ರೂಪಾಯಿ, ಜೊತೆಗೆ ವರ್ಷಾಶನ. ಟಾಟಾ ಇದನ್ನು ನೋಡಲಿಲ್ಲ. 1904ರ ಮೇ 19ರಂದು ಜರ್ಮನಿಯ ಬಾಟ್ ನಾಯ್‌ಹೈಮಿನಲ್ಲಿ ತೀರಿಕೊಂಡರು. ಮಕ್ಕಳು ಮಾತು ಉಳಿಸಿಕೊಂಡರು. 1909ರಲ್ಲಿ ಸಂಸ್ಥೆ ಅಸ್ತಿತ್ವಕ್ಕೆ ಬಂತು. 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಶಂಕುಸ್ಥಾಪನೆ ಮಾಡಿದರು.

ಎರೆಹೊಲದ ಹತ್ತಿ ಕುಮಟೆಯ ಮೂಲಕ ಮುಂಬಯಿಗೆ ಬಂತು; ಹತ್ತಿಯಿಂದ ಬೆಳೆದ ಮುಂಬಯಿಯ ಸಂಪತ್ತು ಕಟ್ಟಡಗಳಾಯಿತು; ಆ ಕಟ್ಟಡಗಳ ಬಾಡಿಗೆ ಬೆಂಗಳೂರಿಗೆ ಹೋಯಿತು. ಈ ಸುತ್ತನ್ನು ನಾವು ಅಲಂಕಾರಕ್ಕಾಗಿ ಹೇಳುತ್ತಿಲ್ಲ. ಎಸ್ಪ್ಲನೇಡ್ ಹೌಸಿನ ಪಾರಂಪರಿಕ ಮೌಲ್ಯವನ್ನು ಕೇವಲ ಕಂಬ, ಕಮಾನು, ಬಾಲ್ಕನಿಗಳಲ್ಲಿ ಹುಡುಕಿದರೆ ಅದು ಫೋರ್ಟಿನ ಹತ್ತಾರು ಒಳ್ಳೆಯ ಕಟ್ಟಡಗಳಲ್ಲಿ ಒಂದಾಗಿ ಉಳಿಯುತ್ತದೆ. ಅಲ್ಲಿ ತೆಗೆದುಕೊಂಡ ತೀರ್ಮಾನವನ್ನೂ, ಅದಕ್ಕೆ ಆಧಾರವಾದ ದುಡಿಮೆಯನ್ನೂ ಸೇರಿಸಿ ನೋಡಿದಾಗ ಮಾತ್ರ ಅದು ಬೇರೆ ಯಾವುದರಿಂದಲೂ ತುಂಬಲಾಗದ ಮನೆಯಾಗುತ್ತದೆ.

ಕಾನೂನು ಅಷ್ಟು ದೂರ ನೋಡುವುದಿಲ್ಲ. 1995ರ ಪರಂಪರೆ ನಿಯಮಗಳು ಮುಂಬಯಿಯ ಕಟ್ಟಡಗಳನ್ನು ಒಂದನೆಯ, ಎರಡನೆಯ, ಮೂರನೆಯ ದರ್ಜೆಗಳಾಗಿ ವಿಂಗಡಿಸಿದವು. ಎರಡನೆಯದರಲ್ಲಿ ಮತ್ತೆ ಎ, ಬಿ. ದರ್ಜೆ ಮೇಲಿದ್ದಷ್ಟೂ ಕಟ್ಟಡವನ್ನು ಮುಟ್ಟುವುದು ಕಷ್ಟ. ಇದು ದೊಡ್ಡ ಕೆಲಸವೇ. ಆ ಪಟ್ಟಿಯಿಲ್ಲದಿದ್ದರೆ ಫೋರ್ಟಿನ ಅರ್ಧ ಭಾಗ ಇಂದು ಗಾಜಿನ ಗೋಪುರಗಳಾಗಿರುತ್ತಿತ್ತು. 2018ರಲ್ಲಿ ಓವಲ್ ಮೈದಾನದ ಸುತ್ತಲಿನ ವಿಕ್ಟೋರಿಯನ್ ಗೋಥಿಕ್ ಮತ್ತು ಆರ್ಟ್ ಡೆಕೋ ಕಟ್ಟಡಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದೂ ಈ ತಳಹದಿಯ ಮೇಲೆಯೇ. ಆದರೆ ಪಟ್ಟಿಯೊಂದೇ ಮನೆಯನ್ನು ಉಳಿಸುವುದಿಲ್ಲ. ಮತ್ತೆ ಆ ಇನ್ನೊಂದು ಎಸ್ಪ್ಲನೇಡನ್ನೇ ನೋಡಿ. ವಾಟ್ಸನ್ ಹೋಟೆಲಿನ ಎರಕದ ಕಬ್ಬಿಣದ ಚೌಕಟ್ಟು ಇಂಗ್ಲೆಂಡಿನಲ್ಲಿ ತಯಾರಾಗಿ ಹಡಗಿನಲ್ಲಿ ಬಂದದ್ದು. ತಾಂತ್ರಿಕ ಚರಿತ್ರೆಯಲ್ಲಿ ಅದರ ಸ್ಥಾನ ಟಾಟಾರ ಮನೆಗಿಂತ ಮೇಲೆಯೇ ಎನ್ನಬೇಕು. ಹೋಟೆಲು ಮುಚ್ಚಿದ ಮೇಲೆ ಒಳಗೆ ಅಡ್ಡಗೋಡೆಗಳೆದ್ದವು. ವಕೀಲರ ಕಚೇರಿಗಳು, ಅಂಗಡಿಗಳು, ಬಾಡಿಗೆದಾರರು ತುಂಬಿದರು. 1947ರ ಬಾಡಿಗೆ ಕಾನೂನು ಬಾಡಿಗೆಯನ್ನು 1940ರ ಮಟ್ಟದಲ್ಲಿ ನಿಲ್ಲಿಸಿತು. ಮಾಲೀಕನಿಗೆ ರಿಪೇರಿಯಲ್ಲಿ ಲಾಭವಿಲ್ಲ, ಬಾಡಿಗೆದಾರನಿಗೆ ಬಿಟ್ಟುಹೋಗುವುದರಲ್ಲಿ ಲಾಭವಿಲ್ಲ. 2005ರ ಮಳೆಗಾಲದಲ್ಲಿ ಒಂದು ಭಾಗ ಕುಸಿದು ಜೀವಹಾನಿಯಾಯಿತು. 2019ರಲ್ಲಿ ಕಟ್ಟಡವನ್ನು ಖಾಲಿ ಮಾಡಿಸಿದರು. ಕೆಡವಬೇಕೆಂಬ ತಜ್ಞರ ವರದಿಯೂ ಬಂತು, ಬೇಡವೆಂಬ ತಜ್ಞರೂ ಎದ್ದುನಿಂತರು.

ಎಸ್ಪ್ಲನೇಡ್ ಹೌಸಿನ ಹಣೆಬರಹ ಬೇರೆಯಾಯಿತು. ಅದು ಆರ್. ಡಿ. ಸೇಠ್ನಾ ಸ್ಕಾಲರ್‌ಶಿಪ್ ಫಂಡ್ ಎಂಬ ವಿದ್ಯಾರ್ಥಿವೇತನ ನಿಧಿಯ ಕೈ ಸೇರಿತು. ಸಂರಕ್ಷಣಾ ವಾಸ್ತುಶಿಲ್ಪಿ ವಿಕಾಸ್ ದಿಲಾವರಿಯವರ ಮಾರ್ಗದರ್ಶನದಲ್ಲಿ ಜೀರ್ಣೋದ್ಧಾರಗೊಂಡಿತು. ಒಡೆಯನ ಚಿತ್ತ ಒಂದೇ ಕಡೆ ಇದ್ದು, ಮನೆಯನ್ನು ಮಾರಾಟದ ಸರಕೆಂದು ಕಾಣದಿದ್ದರೆ ಹಳೆಯ ಕಟ್ಟಡಕ್ಕೆ ಆಯುಸ್ಸು ಉಂಟು. ಟಾಟಾರ ಮನೆಯಿಂದ ಹುಡುಗರ ಓದಿಗೆ ಹಣ ಹೋಗುವ ಕೆಲಸ ಬೇರೆ ಹೆಸರಿನಲ್ಲಿ ಮುಂದುವರಿದಿದೆ ಎಂಬುದು ನಮಗೆ ಆ ಕಟ್ಟಡದಲ್ಲಿ ಎಲ್ಲಕ್ಕಿಂತ ಮೆಚ್ಚಿನ ಸಂಗತಿ. ಕುರ್ಲಾದ ಸ್ವದೇಶಿ ಗಿರಣಿಗೆ ಅಂಥ ಒಡೆಯ ಸಿಗಲಿಲ್ಲ. ಗಿರಣಿ ಮುಚ್ಚಿತು, ಕಾರ್ಮಿಕರು ಬಾಕಿಗಾಗಿ ಕೋರ್ಟು ಮೆಟ್ಟಿಲು ಹತ್ತಿದರು. ಮನೆಯನ್ನು ಪರಂಪರೆಯೆಂದು ಕರೆದು, ಮನೆಗೆ ಅನ್ನ ಹಾಕಿದ ಗಿರಣಿಯನ್ನು ಬರಿಯ ನಿವೇಶನವೆಂದು ಕರೆಯುವ ಈ ತಾರತಮ್ಯ ನಮ್ಮನ್ನು ಕಾಡುತ್ತದೆ.

ಇದನ್ನು ಈಗ ಬರೆಯಲು ಕಾರಣವಿದೆ. ಸುಮಾರು 600 ಎಕರೆಯ ಧಾರಾವಿಯ ಪುನರಭಿವೃದ್ಧಿಯ ಮಾತು 2004ರಿಂದ ಕೇಳುತ್ತ ಬಂದದ್ದು, 2022ರ ಟೆಂಡರಿನಲ್ಲಿ ಅದಾನಿ ಸಮೂಹ ಗೆದ್ದ ಮೇಲೆ ಮನೆಬಾಗಿಲಿಗೆ ಬಂದಿದೆ. ಸರ್ವೇಕ್ಷಣೆಯವರು ಓಣಿ ಓಣಿಯಲ್ಲಿ ಬಾಗಿಲಿಗೆ ಸಂಖ್ಯೆ ಬರೆದರು, ಕಾಗದಪತ್ರ ಕೇಳಿದರು. 2000ದ ಜನವರಿ 1ಕ್ಕೆ ಮೊದಲಿನಿಂದ ನೆಲ ಅಂತಸ್ತಿನಲ್ಲಿ ವಾಸವಿದ್ದುದಕ್ಕೆ ಪುರಾವೆ ಇದ್ದವರಿಗೆ ಇಲ್ಲಿಯೇ ಉಚಿತ ಮನೆ. ಆಮೇಲೆ ಬಂದವರಿಗೆ, ಮೇಲಿನ ಅಂತಸ್ತಿನವರಿಗೆ ಬೇರೆ ನಿಯಮ, ಬೇರೆ ಜಾಗ. ಪಾರಂಪರಿಕ ಪಟ್ಟಿಯೂ ಮನೆಯ ವಯಸ್ಸನ್ನು ಕೇಳುತ್ತದೆ, ಪುನರಭಿವೃದ್ಧಿಯ ಪಟ್ಟಿಯೂ ಮನೆಯ ವಯಸ್ಸನ್ನು ಕೇಳುತ್ತದೆ. ಒಂದು ಕಡೆ ವಯಸ್ಸು ಹೆಚ್ಚಾದರೆ ಮನೆ ಉಳಿಯುತ್ತದೆ. ಇನ್ನೊಂದು ಕಡೆ ವಯಸ್ಸು ಸಾಬೀತಾದರೆ ಮನೆ ಹೋಗಿ ಬದಲಿಗೆ ಒಂದು ಫ್ಲ್ಯಾಟು ಬರುತ್ತದೆ.

ಧಾರಾವಿಯ ಮನೆಗಳನ್ನು ಇದ್ದಂತೆಯೇ ಉಳಿಸಬೇಕೆಂದು ನಾವು ವಾದಿಸುತ್ತಿಲ್ಲ. ಮಳೆಗಾಲದಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತು ಅಡುಗೆ ಮಾಡಿದ ತಾಯಂದಿರ ಮುಂದೆ ಅಂಥ ಮಾತಾಡುವ ಧೈರ್ಯ ನಮಗಿಲ್ಲ. ಅವರಿಗೆ ಒಳ್ಳೆಯ ಮನೆ ಬೇಕು, ನಲ್ಲಿಯಲ್ಲಿ ನೀರು ಬೇಕು, ಒಳಗೇ ಶೌಚಾಲಯ ಬೇಕು. ಆದರೆ ಎಸ್ಪ್ಲನೇಡ್ ಹೌಸಿಗೆ ಬೆಲೆ ಬಂದದ್ದು ಅದರ ಸುಣ್ಣಗಾರೆಯಿಂದ ಮಾತ್ರವಲ್ಲ, ಅದರ ಬಗ್ಗೆ ಕಾಗದ ಉಳಿದದ್ದರಿಂದ. ಒಂದು ಪತ್ರ, ಅದರ ತಲೆಯಲ್ಲಿ ಒಂದು ವಿಳಾಸ, ಒಂದು ತಾರೀಖು. ಕುಂಬಾರವಾಡದ ಭಟ್ಟಿಗಳಿಗೆ, ಚರ್ಮದ ಕಾರ್ಖಾನೆಗಳಿಗೆ, ಕೋಳಿವಾಡದ ಹಳೆಯ ಮನೆಗಳಿಗೆ, ನಮ್ಮವರು ಮೂರು ತಲೆಮಾರು ಬಾಳಿದ ಹತ್ತಡಿ ಕೋಣೆಗಳಿಗೆ ಅಂಥ ಕಾಗದ ಎಷ್ಟಿದೆ? ಇದ್ದದ್ದೂ ಈಗ ಅರ್ಹತೆಯ ಅರ್ಜಿಗೆ ಲಗತ್ತಾಗಿ ಕಡತ ಸೇರುತ್ತಿದೆ.

ಆದ್ದರಿಂದ ಧಾರಾವಿ, ಸಯನ್, ಮಾಟುಂಗಾ, ಕುರ್ಲಾಗಳ ಓದುಗರಲ್ಲಿ ನಮ್ಮ ಒಂದು ಕೋರಿಕೆ. ನಿಮ್ಮ ಮನೆಗೆ ಮೊದಲು ಬಂದವರು ಯಾರು, ಯಾವ ಊರಿನಿಂದ, ಯಾವ ವರ್ಷ, ಯಾರ ಕೈಹಿಡಿದು. ಮೊದಲ ಬಾಡಿಗೆ ಎಷ್ಟು, ಪಕ್ಕದ ಬಾಗಿಲಲ್ಲಿ ಯಾವ ಭಾಷೆ, ಮಕ್ಕಳು ಪಾಲಿಕೆಯ ಕನ್ನಡ ಶಾಲೆಗೆ ಹೋದರೇ ಇಲ್ಲವೇ. ಇಷ್ಟನ್ನು ಒಂದು ಹಾಳೆಯಲ್ಲಿ ಬರೆಯಿರಿ. ಪಡಿತರ ಚೀಟಿಯ, ಬಾಡಿಗೆ ರಸೀದಿಯ, ಶಾಲೆಯ ದಾಖಲೆಯ ನೆರಳಚ್ಚನ್ನು ಅದರ ಜೊತೆ ಇಡಿ. ಹಾಳೆಯ ತಲೆಯಲ್ಲಿ ಮನೆಯ ವಿಳಾಸವನ್ನೂ ಬರೆದ ತಾರೀಖನ್ನೂ ಹಾಕುವುದನ್ನು ಮಾತ್ರ ಮರೆಯಬೇಡಿ.